ಯೊರ್ದನ್ ಸೀಸೆ

17 ಆಗಸ್ಟ್ 1948, ಮಂಗಳವಾರ. ಸಂಜೆ ಆರು ಗಂಟೆ.

ಇವತ್ತೂ ಒಂಬತ್ತು ಮೈಲು ಹೋಗಿ ಒಂಬತ್ತು ಮೈಲು ಬಂದೆ. ಬೆಳಿಗ್ಗೆ ಐದಕ್ಕೆ ಮಸ್ಕಿ ಟಪಾಲು ಕಚೇರಿಯಲ್ಲಿ ಚೀಲ ಹೆಗಲಿಗೆ ಹಾಕಿದೆ. ಹಗುರ ಇತ್ತು. ಲಿಂಗಸುಗೂರಿನ ಟಪಾಲು ಬಂದಿರಲಿಲ್ಲ, ಆ ಕಡೆ ಮಳೆಯಂತೆ. ಜೋಡಿ ಬೇವಿನ ಮರದ ಕೆಳಗೆ ದಾದೇಸಾಬ ಸಿಂಧನೂರಿನ ಚೀಲ ಹಿಡಿದು ನಿಂತಿದ್ದ. ಅವನದು ನನಗೆ, ನನ್ನದು ಅವನಿಗೆ. ಅರಗಿನ ಮುದ್ರೆ ನೋಡಿಕೊಂಡೆವು. ಚೀಲ ಬದಲಾಗುವ ತನಕ ಕೂರುವುದಿಲ್ಲ, ಮಾತೂ ಇಲ್ಲ. ಇಪ್ಪತ್ತಾರು ವರ್ಷದಿಂದ ಅದೇ ಪದ್ಧತಿ.

ಆಮೇಲೆ ಕೂತು ಬುತ್ತಿ ಬಿಚ್ಚಿದೆವು. ನನ್ನ ರೊಟ್ಟಿ ದಪ್ಪ, ಅಂಚೆಲ್ಲ ಕರಿ.

"ಲೇ ಸೀಮ್ಯಾ, ಇದು ರೊಟ್ಟಿ ಏನು, ಕುದುರಿ ಲಾಳ ಏನು?" ಅಂದ.

ನಾನು ನಗಲಿಲ್ಲ. ಅವನ ನಗುವೂ ನಿಂತಿತು. ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಬಟ್ಟೆಯ ಮೇಲೆ ಇಟ್ಟ.

ನನ್ನ ಹೆಂಡತಿ ರಾಹೇಲಮ್ಮ ತೀರಿಹೋಗಿ ಇವತ್ತಿಗೆ ಮೂವತ್ತೊಂದು ದಿನ. ಸಂಜೆ ಬಂದು, ಕಾಲು ತೊಳೆದು, ಅವಳಿಗೆ ದಿನದ ಸುದ್ದಿ ಹೇಳುತ್ತಿದ್ದೆ. ಈಗ ಬರೆಯುತ್ತೇನೆ. ಮಿಷನ್ ಶಾಲೆಯ ನಾಲ್ಕನೇ ತರಗತಿ ಇಷ್ಟಕ್ಕೆ ಸಾಕು.

19 ಆಗಸ್ಟ್. ಬೆಳಿಗ್ಗೆ ನಾಲ್ಕು.

ಗೂಡಿನಲ್ಲಿ ಸೀಸೆ ಹಾಗೇ ಇದೆ. ಕಂದು ಗಾಜು, ಬಿರಡೆಗೆ ಮೇಣ. ಮೊದಲು ಅದರಲ್ಲಿ ಕುದುರೆ ಕಾಲಿಗೆ ತಿಕ್ಕುವ ಎಣ್ಣೆ ಇತ್ತು.

ಕೇರಿಯಲ್ಲಿ ಎಲ್ಲರೂ ಅದಕ್ಕೆ ಯೊರ್ದನ್ ಸೀಸೆ ಅನ್ನುತ್ತಾರೆ. ಹದಿನೆಂಟನೇ ಇಸವಿಯಲ್ಲಿ ನಿಜಾಮರ ಕುದುರೆ ದಂಡು ರಿಸಾಲೆಯ ಜೊತೆ ಕುದುರೆ ನೋಡಿಕೊಳ್ಳುವ ಸಾಯೀಸನಾಗಿ ಹೋಗಿದ್ದೆ. ಲಡಾಯಿ ನಮ್ಮನ್ನು ಯೇಸುಸ್ವಾಮಿಯ ದೇಶಕ್ಕೇ ಒಯ್ದಿತು. ಹೊರಡುವ ದಿನ ರಾಹೇಲಮ್ಮ ಕೇಳಿದ್ದು ಒಂದೇ. "ಬಂಗಾರ ಬ್ಯಾಡ, ಸೀರಿ ಬ್ಯಾಡ. ಸ್ವಾಮಿ ದೀಕ್ಷಾಸ್ನಾನ ತಗೊಂಡ ಆ ಯೊರ್ದನ್ ಹೊಳಿ ನೀರು ಒಂದು ಸೀಸೆ ತರ್ರಿ." ಸೀಸೆ ತಂದೆ. ಅಂದಿನಿಂದ ನಮ್ಮ ಪ್ರಾರ್ಥನೆ ಮನೆಯಲ್ಲಿ ಯಾವ ಕೂಸಿಗೆ ದೀಕ್ಷಾಸ್ನಾನ ಆದರೂ ಸೀಸೆಯಿಂದ ಒಂದು ಚಮಚ ಬಟ್ಟಲಿಗೆ, ಬಟ್ಟಲಿನಿಂದ ಒಂದು ಚಮಚ ಮತ್ತೆ ಸೀಸೆಗೆ. ಯೊರ್ದನ್ ತೀರಬಾರದು ಎಂದು. ರಾಹೇಲಮ್ಮನೇ ಚಮಚ ಹಿಡಿಯುತ್ತಿದ್ದಳು.

ಅದು ಯೊರ್ದನ್ ನೀರಲ್ಲ.

ಬರೆದೆ. ಚೀಲದ ಹೊತ್ತಾಯಿತು.

ಅದೇ ದಿನ, ಸಂಜೆ.

ಹೊಳೆಯಿಂದ ಒಂದು ಮೈಲು ದೂರ ನಮ್ಮ ಡೇರೆ ಇತ್ತು. ಒಂದೇ ಮೈಲು. ನನಗೆ ಮಲೇರಿಯಾ. ಹನ್ನೆರಡು ದಿನ ಕಂಬಳಿಯಲ್ಲಿ ನಡುಗುತ್ತ ಮಲಗಿದ್ದೆ. ನನ್ನ ಜೊತೆಗೇ ಸಾಯೀಸನಾಗಿದ್ದ ದಾದೇಸಾಬ ದಿನಾ ಕುದುರೆಗಳನ್ನು ಆ ಹೊಳೆಗೇ ನೀರಿಗೆ ಹೊಡೆದುಕೊಂಡು ಹೋಗುತ್ತಿದ್ದ. ಅವನಿಗೆ ಸೀಸೆ ಕೊಡಬಹುದಿತ್ತು. ನಾನೇ ಹೋಗುತ್ತೇನೆ, ನನ್ನ ಕೈಯಾರೆ ತುಂಬುತ್ತೇನೆ ಎಂಬ ಹಟ. ಹದಿಮೂರನೆಯ ದಿನ ಗಾಡಿಗೆ ಹಾಕಿ ಆಸ್ಪತ್ರೆಗೆ ಕಳಿಸಿಬಿಟ್ಟರು. ಆಮೇಲೆ ಆ ಕಡೆ ಹೋಗಲೇ ಇಲ್ಲ. ಊರಿಗೆ ಬರುವಾಗ ಹಡಗಿನ ನಲ್ಲಿಯಲ್ಲಿ ಸೀಸೆ ತುಂಬಿದೆ.

ಬಾಗಿಲಲ್ಲಿ ಅವಳ ಮುಖ ನೋಡಿ, ಯೊರ್ದನ್ ನೀರು ಎಂದು ಸೀಸೆ ಅವಳ ಕೈಗಿಟ್ಟೆ.

ಇದು ದಾದೇಸಾಬನಿಗೆ ಗೊತ್ತು. ಇನ್ನಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಆದರೆ ಕೊನೆಯ ದಿನ... ತುಟಿ ಒಣಗಿತ್ತು ಅವಳಿಗೆ. ಸೀಸೆ ತೆಗೆದು ಒಂದು ಚಮಚ ತುಟಿಗೆ ಹಿಡಿದೆ. ಬಾಯಿ ಬಿಗಿದಳು. "ಅದು ಬ್ಯಾಡ್ರೀ. ಅದು—" ಅಂದು ಗೋಡೆಯ ಕಡೆ ಹೊರಳಿದಳು. ಮತ್ತೆ ಮಾತಾಡಲಿಲ್ಲ.

ಅವಳಿಗೆ ಗೊತ್ತಿತ್ತೇ? ಎಂದಿನಿಂದ? ಗೊತ್ತಿದ್ದೂ ಅಷ್ಟು ವರ್ಷ ಚಮಚ ಹಿಡಿದಳೇ?

16 ಸೆಪ್ಟೆಂಬರ್ 1948.

ಚೀಲ ಇಲ್ಲ. ದಿಲ್ಲಿಯ ಫೌಜು ಬಂತಂತೆ. ಕಚೇರಿಗೆ ಬೀಗ. ಇಷ್ಟು ದಿನ ನಿಜಾಮರ ಕಡೆಯ ರಜಾಕಾರರ ಭಯ. ಇನ್ನು ದಾದೇಸಾಬನಂಥ ಮುಸಲ್ಮಾನರಿಗೆ ಭಯ. ಸಿಂಧನೂರಿನ ಕಡೆ ಹೊಗೆ ಕಾಣುತ್ತದೆ ಎನ್ನುತ್ತಾರೆ.

12 ಅಕ್ಟೋಬರ್ 1948, ಮಂಗಳವಾರ.

ಟಪಾಲು ಶುರುವಾದ ಮೇಲೆ ಹದಿಮೂರು ದಿನ ಜೋಡಿ ಬೇವಿನ ಕೆಳಗೆ ಯಾರೂ ಇರಲಿಲ್ಲ. ನೆರಳು ಒಂದು ಮಾರು ಸರಿಯುವ ತನಕ ಕಾಯುತ್ತಿದ್ದೆ. ಆಮೇಲೆ ಅವನ ಒಂಬತ್ತು ಮೈಲನ್ನೂ ನಾನೇ ನಡೆದು ಸಿಂಧನೂರಿಗೆ ಮುಟ್ಟಿಸುತ್ತಿದ್ದೆ. ಅಲ್ಲೇ ಕಚೇರಿಯ ಕಟ್ಟೆಯ ಮೇಲೆ ಮಲಗಿ ಮರುದಿನ ಮರಳುತ್ತಿದ್ದೆ. ದಾದೇಸಾಬನ ಮನೆಗೆ ಹೋಗಿ ನೋಡಿದೆ. ಬಾಗಿಲಿಗೆ ಮುಳ್ಳು ಬಡಿದಿತ್ತು.

ಇವತ್ತು ಮರದ ಕೆಳಗೆ ಯಾರೋ ನಿಂತಿದ್ದರು. ಹತ್ತಿರ ಹೋದರೂ ಗುರುತು ಸಿಗಲಿಲ್ಲ. ಗಡ್ಡ ಇಲ್ಲ. ಗಲ್ಲ ಕೂಸಿನ ಗಲ್ಲದ ಹಾಗೆ ಬೆಳ್ಳಗೆ. ದಢೇಸುಗೂರಿನ ಒಕ್ಕಲಿಗರೊಬ್ಬರು ಮೇವಿನ ಬಣವೆಯಲ್ಲಿ ಅಡಗಿಸಿ ಇಟ್ಟಿದ್ದರಂತೆ, ಹೆಂಡತಿ ಮಕ್ಕಳ ಸಮೇತ. ನನಗೆ ಅಳು ಬಂತು.

"ಮೊದ್ಲು ಚೀಲ ಕೊಡಲೇ," ಅಂದ. "ಆಮ್ಯಾಲ ಅಳು."

ಕೊಟ್ಟೆ. ಮುದ್ರೆ ನೋಡಿದೆವು. ಕೂತೆವು. ಇಬ್ಬರೂ ರೊಟ್ಟಿ ಬಿಚ್ಚಲಿಲ್ಲ. ಹೇಳಿದ, "ಬಣವ್ಯಾಗ ಕುಂತು ಒಂದ ನೆನಸ್ತಿದ್ನೋ ಸೀಮ್ಯಾ. ಆ ನಿನ್ನ ಹೊಳಿ. ನಾ ನೋಡೀನಿ, ನೀ ನೋಡಿಲ್ಲ. ನಾ ಸತ್ರ ನಿನಗ ಅದು ಹೆಂಗಿತ್ತಂತ ಹೇಳಾವ್ರು ಯಾರು?"

"ಹೆಂಗಿತ್ತು?"

"ಎಷ್ಟ್ ಸಲ ಹೇಳ್ಲಿ! ನಮ್ಮ ಮಸ್ಕಿ ಹಳ್ಳದಷ್ಟ. ರಾಡಿ ನೀರು. ದಂಡಿಗೆ ಜಾಲಿಯಂಥ ಗಿಡ."

ಸಾವಿನ ಬಾಯಲ್ಲಿ ಕೂತು ಇವನು ನನ್ನ ಹೊಳೆಯನ್ನು ಕಾಪಾಡಿಕೊಂಡಿದ್ದ. ಬರುವಾಗ ಒಂಬತ್ತು ಮೈಲು ಹೇಗೆ ಮುಗಿಯಿತೋ ತಿಳಿಯಲಿಲ್ಲ.

26 ಡಿಸೆಂಬರ್ 1948, ಭಾನುವಾರ.

ಕ್ರಿಸ್ಮಸ್ ಆಯಿತು. ಇವತ್ತು ಲಿಂಗಸುಗೂರಿನಿಂದ ಅಯ್ಯನವರು ಸೈಕಲ್ ಮೇಲೆ ಬಂದು ಎರಡು ಕೂಸಿಗೆ ದೀಕ್ಷಾಸ್ನಾನ ಕೊಟ್ಟರು. ಚಮಚ ಈಗ ನನ್ನ ಕೈಗೆ. ಎರಡು ಚಮಚ ಹಾಕಿ ಎರಡು ಚಮಚ ತೆಗೆದೆ. ನೀರು ಚೆಲ್ಲಿತು. ದೀಪ ಹಚ್ಚುವ ಗಾಳೆಮ್ಮ ಸೆರಗಿನಿಂದ ನೆಲ ಒರೆಸಿ ಆ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಅವಳ ಒಬ್ಬನೇ ಮಗ ಕಾಲರಾದಲ್ಲಿ ಹೋದ. "ಯೊರ್ದನ್ ನೀರು ಬಿದ್ದ ತಲಿ ಅದು. ಸ್ವಾಮಿ ಕೈ ಬಿಟ್ಟಿರಂಗಿಲ್ಲ," ಎಂದು ಯಾವಾಗಲೂ ಅನ್ನುತ್ತಾಳೆ. ಅದೊಂದೇ ಅವಳಿಗೆ ಉಳಿದದ್ದು.

ಹೇಳಬೇಕು. ಆ ಮುದುಕಿಗೆ ಹೇಗೆ ಹೇಳಲಿ.

3 ಏಪ್ರಿಲ್ 1950.

ನಿಜಾಮರ ಟಪಾಲು ಹೋಗಿ ಹಿಂದೂಸ್ತಾನದ ಟಪಾಲು ಬಂತು. ಹೊಸ ಬಿಲ್ಲೆ ಕೊಟ್ಟರು. ಚೀಲ ಅದೇ. ಹೆಗಲೂ ಅದೇ.

ಜೋಡಿ ಬೇವಿನ ಕೆಳಗೆ ದಾದೇಸಾಬ ತನ್ನ ಬಿಲ್ಲೆಯನ್ನು ಉಗುಳು ಹಚ್ಚಿ ತಿಕ್ಕುತ್ತಿದ್ದ. ಗಡ್ಡ ಪೂರಾ ಬಂದಿದೆ, ಬೆಳ್ಳಗೆ.

6 ಫೆಬ್ರವರಿ 1952, ಬುಧವಾರ. ಸಂಜೆ ಏಳು.

ಇವತ್ತು ಕಂಡದ್ದನ್ನು ಬರೆಯಲೇಬೇಕು. ಗುಡ್ಡದ ಗವಿಯ ಬಂಡೆ ನೋಡಲು ಹೈದರಾಬಾದಿನಿಂದ ಒಬ್ಬ ಸಾಹೇಬರು ಬಂದಿದ್ದರು. ಅವರಿಗೊಂದು ತಾರು. ಕೊಡಲು ಗುಡ್ಡ ಹತ್ತಿದೆ. ಬಂಡೆಯ ಮೇಲೆ ಒದ್ದೆ ಕಾಗದ ಅಂಟಿಸಿ ಮಸಿ ಒತ್ತುತ್ತಿದ್ದರು. ಚಿಕ್ಕಂದಿನಿಂದ ಆ ಗೀರುಗಳನ್ನು ನೋಡಿದ್ದೇನೆ. ಆಡು ಕಾಯುವವರು ಗೀರಿದ್ದು ಎಂದುಕೊಂಡಿದ್ದೆವು.

"ಇದೂ ಟಪಾಲೇ," ಅಂದರು ಸಾಹೇಬರು ನಗುತ್ತ. "ಅಶೋಕ ಅಂತ ಒಬ್ಬ ರಾಜ ಕಳಿಸಿದ್ದು. ಎರಡು ಸಾವಿರ ವರ್ಷ ದಾಟಿತು."

ಏನು ಬರೆದಿದೆ ಎಂದು ಕೇಳಿದೆ. ನನ್ನಂಥವನು ಕೇಳಬಹುದೋ ಇಲ್ಲವೋ... ಕೇಳಿಬಿಟ್ಟೆ. ಅವರು ಬೆರಳಿಟ್ಟು ಓದಿ ಹೇಳಿದರು. ಒಳ್ಳೆಯದನ್ನು ಮುಟ್ಟುವುದು ದೊಡ್ಡವರಿಗಷ್ಟೇ ಸಾಧ್ಯ ಎಂದು ತಿಳಿಯಬೇಡಿ, ಸಣ್ಣವನೂ ಮುಟ್ಟಬಹುದು ಎಂದು ಇದೆಯಂತೆ.

ಗೌಡರ ಮನೆಯ ಕಾಗದವನ್ನು ಮೂವತ್ತು ವರ್ಷದಿಂದ ಕಟ್ಟೆಯ ಮೇಲೆ ಇಟ್ಟು ಹಿಂದೆ ಸರಿದು ನಿಲ್ಲುತ್ತೇನೆ. ನಮ್ಮ ಕೇರಿಗೇ ಬರೆದ ಹಾಗಿರುವ ಈ ಮಾತು ಎರಡು ಸಾವಿರ ವರ್ಷ ಇಲ್ಲೇ, ಆಡಿನ ಹಿಕ್ಕೆಯ ನಡುವೆ, ಕಾಯುತ್ತ ಬಿದ್ದಿತ್ತು. ನಮ್ಮಲ್ಲಿ ಯಾರಿಗೂ ಓದಲು ಬರಲಿಲ್ಲ. ಇಳಿಯುವಾಗ ಚಪ್ಪಲಿ ಕೈಯಲ್ಲಿ ಹಿಡಿದೇ ಇಳಿದೆ.

ನನ್ನ ಹತ್ತಿರವೂ ಮುಟ್ಟಿಸದ ಒಂದು ಮಾತು ಇದೆ.

30 ಜೂನ್ 1954, ಬುಧವಾರ.

ಕೊನೆಯ ಚೀಲ. ನಾಳೆಯಿಂದ ಟಪಾಲು ಬಸ್ಸಿನಲ್ಲಿ. ನನಗೂ ಅರವತ್ತು. ಜೋಡಿ ಬೇವಿನ ಕೆಳಗೆ ಚೀಲ ಬದಲಿಸಿ ಕೂತೆವು.

"ನೀ ಇನ್ನಾ ಹೇಳಿಲ್ಲೇನು ಆ ಸೀಸೆ ಸುದ್ದಿ?" ಅಂದ ದಾದೇಸಾಬ.

"ಇಲ್ಲ."

"ಮಂದಿ ಟಪಾಲು ಒಂದು ದಿನ ತಡ ಮಾಡಿಲ್ಲ. ನಿಂದ್ ಮಾತ್ರ ಮೂವತ್ತಾರು ವರ್ಷ ಚೀಲದಾಗ ಇಟ್ಕೊಂಡ್ ಅಡ್ಡಾಡಾಕತ್ತೀ. ಭಾಳ ಹುಷಾರ್ ನೌಕರ ನೀ."

21 ಆಗಸ್ಟ್ 1956, ಮಂಗಳವಾರ.

ಮಗಳು ಎಸ್ತೇರಮ್ಮನಿಗೆ ಹೆಣ್ಣುಕೂಸು. ಮದುವೆಯಾಗಿ ಹದಿನೇಳು ವರ್ಷದ ಮೇಲೆ! ಗೊರೇಬಾಳದಿಂದ ಅಳಿಯ ಅಂಬಪ್ಪ ಬಸ್ಸಿನ ಕ್ಲೀನರ್ ಕೈಯಲ್ಲಿ ಹೇಳಿ ಕಳಿಸಿದ್ದ. ಕೂಡಲೇ ಹೊರಟೆ. ಕೂಸು ನನ್ನ ಬೆರಳು ಹಿಡಿಯಿತು, ಬಿಡಲಿಲ್ಲ. ಆ ಉಗುರುಗಳು! ಜೋಳದ ಕಾಳಿನ ಮೂತಿಯಷ್ಟು. ರಾಹೇಲಮ್ಮ ನೋಡಬೇಕಿತ್ತು.

ಎಸ್ತೇರಿ ಮಲಗಿದಲ್ಲೇ ಅಂದಳು, "ಯಪ್ಪಾ, ಮಸ್ಕ್ಯಾಗ ದೀಕ್ಷಾಸ್ನಾನ ಮಾಡ್ಸೂನು. ಅವ್ವನ ಹೆಸರ ಇಡೂನು."

ಆಗಲಿ ಎಂದೆ. ಹಾದಿಯುದ್ದಕ್ಕೂ ಒಂದೇ ಯೋಚನೆ. ರಾಹೇಲ ಎಂದು ಕರೆದು, ಆ ಹೆಸರಿನ ಮೇಲೆ ಮತ್ತೆ ಅದೇ ಸುಳ್ಳು ಸುರಿಯಬೇಕೇ?

13 ಅಕ್ಟೋಬರ್ 1956, ಶನಿವಾರ. ಗೊರೇಬಾಳ. ಮಧ್ಯಾಹ್ನ ನಾಲ್ಕು.

ಅಣೆಕಟ್ಟಿನ ಹೊಸ ಕಾಲುವೆಗೆ ನೀರು ಬಂತು.

ಅಂಬಪ್ಪ ಮೂರು ವರ್ಷ ಅದೇ ಕಾಲುವೆಯಲ್ಲಿ ಮಣ್ಣು ಹೊತ್ತಿದ್ದಾನೆ. ಮುಂಜಾನೆಯಿಂದ ಊರೆಲ್ಲ ಏರಿಯ ಮೇಲೆ. ಮೊದಲು ಸದ್ದು ಬಂತು, ಒಣ ಎಲೆಯ ಮೇಲೆ ದನ ನಡೆದ ಹಾಗೆ. ಆಮೇಲೆ ಕಂಡಿತು. ಕಸ, ನೊರೆ, ಇರುವೆ ಹೊತ್ತ ಒಂದು ನಾಲಿಗೆ. ಅದರ ಮುಂದೆ ಚೇಳು, ಓತಿಕ್ಯಾತ ಎಲ್ಲ ಓಡುತ್ತಿದ್ದವು. ನೀರು ಧುಮುಕಿ ಬರುತ್ತದೆ ಎಂದುಕೊಂಡಿದ್ದೆ. ಇಲ್ಲ. ನಡೆದು ಬಂತು. ಮನುಷ್ಯ ನಡೆದಷ್ಟೇ. ನಾನು ಏರಿಯ ಮೇಲೆ ಅದರ ಜೊತೆ ನಡೆದೆ. ಕಾಲು ತಾನೇ ಹಳೆಯ ಹೆಜ್ಜೆ ಹಿಡಿಯಿತು, ಚೀಲದ ಹೆಜ್ಜೆ. ಅರ್ಧ ಮೈಲು ಇಬ್ಬರೂ ಜೊತೆಗೆ ಹೋದೆವು, ನಾನೂ ನೀರೂ. ಕಣ್ಣು ತುಂಬಿ ಮುಂದೆ ಕಾಣದೆ ನಿಂತೆ. ಅದು ಹೋಯಿತು.

ಗೌಡರು ಕಾಯಿ ಒಡೆದರು. ಆಮೇಲೆ ಹೆಂಗಸರು ಕೊಡ ಹಿಡಿದು ಇಳಿದರು. ಊರಿನವರು, ಕೇರಿಯವರು, ಒಂದೇ ದಂಡೆ. ಇವತ್ತು ಯಾರೂ "ದೂರ ಸರಿ" ಅನ್ನಲಿಲ್ಲ. ನಾಳೆ ಅನ್ನಬಹುದು. ಇವತ್ತು ಅನ್ನಲಿಲ್ಲ.

ಎಸ್ತೇರಮ್ಮ ಕೂಸಿನ ಪಾದ ನೀರಿಗೆ ಮುಟ್ಟಿಸಿದಳು. ನಾನು ಪಕ್ಕದಲ್ಲಿ ಕೂತು ಹೇಳಿಬಿಟ್ಟೆ. ಡೇರೆ, ಮಲೇರಿಯಾ, ಒಂದು ಮೈಲು, ಹಡಗಿನ ನಲ್ಲಿ. ಅವ್ವನಿಗೆ ಗೊತ್ತಾಗಿತ್ತು, ಅದಕ್ಕೇ ಕೊನೆಗೆ ಬಾಯಿ ಬಿಗಿದಳು ಎಂದೂ ಹೇಳಿದೆ.

ಎಸ್ತೇರಿ ನನ್ನ ಮುಖವನ್ನೇ ನೋಡಿದಳು. "ಯಪ್ಪಾ, ಅವ್ವಗ ಗೊತ್ತಿರ್ಲಿಲ್ಲ," ಅಂದಳು.

"ನಿನಗೇನ್ ಗೊತ್ತು?"

"ಆ ಸೀಸ್ಯಾಗಿನ ನೀರು ನಾ ಕುಡದೀನಿ."

ಅವಳಿಗೆ ಐದು ವರ್ಷ ಆಗ. ಬರ. ನಾನು ಚೀಲದ ಮೇಲೆ ಹೋಗಿದ್ದೆ. ಅವಳಿಗೆ ಮೈ ಸುಡುವ ಜ್ವರ. ಕೇರಿಯ ಬಾವಿ ಬತ್ತಿತ್ತು. ಊರ ಬಾವಿಗೆ ಹೋದರೆ, ಸೇದಿ ಹಾಕುವವರು ಬರುವ ತನಕ ಕೂತಿರು ಎಂದರಂತೆ. ಯಾರೂ ಬರಲಿಲ್ಲ. ಕೂಸಿನ ಕಣ್ಣು ಮೇಲೆ ಹೋಯಿತು. ರಾಹೇಲಮ್ಮ ಮನೆಗೆ ಓಡಿ ಬಂದು ಸೀಸೆಯ ಮೇಣ ಕಿತ್ತು ಪೂರಾ ಕುಡಿಸಿದಳಂತೆ, ಕೊನೆಯ ಹನಿಯ ತನಕ. ಜ್ವರ ಇಳಿಯಿತು. ಮರುದಿನ ಹಳ್ಳದ ಮರಳಲ್ಲಿ ಒರತೆ ತೋಡಿ, ಆ ನೀರನ್ನು ಸೀಸೆಗೆ ತುಂಬಿ, ಮೇಣ ಹಚ್ಚಿದಳು.

"ನನ್ನ ಕಡಿಂದ ಆಣಿ ಮಾಡಿಸ್ಕೊಂಡಿದ್ಲು ಯಪ್ಪಾ. ನಿಮ್ಮಪ್ಪ ಕಡಲು ದಾಟಿ ತಂದಾನ, ಅವಗ ಹೇಳಬ್ಯಾಡ, ಎದಿ ಒಡಕೋತಾನ ಅಂತ. ಪ್ರತಿ ಸಲ ಚಮಚ ಹಾಕಿ ಬಂದು ಒಲಿ ಮುಂದ ಕುಂತು ಅಳತಿದ್ಲು. ದೇವರ ಮನ್ಯಾಗ ಸುಳ್ಳು ಹಾಕಾಕತ್ತೀನಿ ಅಂತ."

ಅದು ಬ್ಯಾಡ್ರೀ, ಅದು... ಅದು ಹಳ್ಳದ ನೀರ್ರೀ ಎನ್ನಲು ಹೊರಟಿದ್ದಳು. ಗೋಡೆಯ ಕಡೆ ಹೊರಳಿದ್ದು ನಾಚಿ.

ನಾನು ಅವಳ ಮುಂದೆ ಬಾಯಿ ಮುಚ್ಚಿಕೊಂಡಿದ್ದೆ, ಅವಳು ನನ್ನ ಮುಂದೆ. ನಡುವೆ ಒಂದು ಸೀಸೆ. ಏರಿಯ ಮೇಲೆ ಕೂತು ನಕ್ಕೆ. ಎಂಟು ವರ್ಷದ ಮೇಲೆ ಮೊದಲ ಸಲ. ನಗು ಎಲ್ಲಿ ಅಳುವಾಯಿತೋ ಗೊತ್ತಿಲ್ಲ. ಎಸ್ತೇರಿ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿದಳು. ಹಡಗಿನ ನಲ್ಲಿಯ ನೀರು ಕುಡಿದು ಉಳಿದ ಜೀವ ಇವಳ ತಾಯಿ. ಸ್ವಾಮೀ, ನಿನ್ನ ಲೆಕ್ಕ ನನಗೆ ತಿಳಿಯದು.

1 ನವೆಂಬರ್ 1956, ಗುರುವಾರ.

ಇವತ್ತಿನಿಂದ ನಾವು ಮೈಸೂರು ರಾಜ್ಯವಂತೆ. ನಿಂತ ನೆಲ ಬಿಟ್ಟು ಕದಲಲಿಲ್ಲ, ಮೂರು ಸರ್ಕಾರ ಕಂಡೆ.

ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋಗಿ ಅಯ್ಯನವರಿಗೆ ಎಲ್ಲ ಹೇಳಿದೆ. ಚಿಕ್ಕ ವಯಸ್ಸಿನವರು. ಕೇಳುತ್ತ ಕನ್ನಡಕ ಒರೆಸಿಕೊಂಡರು.

"ಆ ಕೂಸುಗಳ ದೀಕ್ಷಾಸ್ನಾನ ಆಗಿಲ್ಲೇನ್ರೀ ಅಯ್ಯನವರ? ಗಾಳೆಮ್ಮನ ಮಗಂದು?"

"ಆಗೇತ್ರಿ. ನೀರು ಯಾವ ಊರಿಂದಾದ್ರೂ ನಡೀತೈತಿ." ಆಮೇಲೆ ಅಂದರು, "ಆದ್ರ ಸುಳ್ಳು ಸುಳ್ಳ, ಸೀಮೋನಪ್ಪ. ಅದನ್ನ ನಾ ಹೇಳಂಗಿಲ್ಲ. ಮೊಮ್ಮಗಳ ದೀಕ್ಷಾಸ್ನಾನದ ದಿನ ನೀವ ಎದ್ದು ನಿಂತು ಹೇಳ್ರಿ. ಗಾಳೆಮ್ಮನ ಮುಖ ನೋಡಿ ಹೇಳ್ರಿ."

"ಆಕಿ ತಡಕೋತಾಳೇನ್ರೀ?"

ಅಯ್ಯನವರು ಎದ್ದು ಬಸ್ಸಿನ ತನಕ ನನ್ನ ಜೊತೆ ನಡೆದು ಬಂದರು.

24 ನವೆಂಬರ್ 1956, ಶನಿವಾರ. ಸಂಜೆ ಐದು.

ಎಸ್ತೇರಮ್ಮ, ಅಂಬಪ್ಪ, ಕೂಸು ಮಧ್ಯಾಹ್ನದ ಬಸ್ಸಿಗೆ ಬಂದರು. ನಾಳೆಯ ದೀಕ್ಷಾಸ್ನಾನಕ್ಕೆ ಕಾಲುವೆಯ ನೀರು ಒಂದು ಹಿತ್ತಾಳೆ ಚೊಂಬು, ಬಾಯಿಗೆ ಬಟ್ಟೆ ಕಟ್ಟಿ ತಂದಿದ್ದಾರೆ. ಬಸ್ಸಿನಲ್ಲಿ ಅರ್ಧ ಚೆಲ್ಲಿದೆ. ಸಾಕು.

ದಾದೇಸಾಬ ಸಿಂಧನೂರಿನಿಂದ ಅದೇ ಬಸ್ಸಿಗೆ ಬಂದ. ಬರಬೇಡ, ಮಂಡಿ ನೋವು ಎಂದಿದ್ದೆ. "ನೀ ಆ ಹೊಳಿ ನೋಡಿಲ್ಲ ಅನ್ನಾಕ ಸಾಕ್ಷಿ ಬೇಕಲ್ಲೋ. ಅಷ್ಟೂ ಮಂದ್ಯಾಗ ನೋಡಿದಾಂವ ನಾ ಒಬ್ಬನ," ಅಂದ. ಬಾಗಿಲ ಹತ್ತಿರ ಕೂರುತ್ತಾನಂತೆ. ಈಗ ಅಂಗಳದಲ್ಲಿ ಕೂಸಿಗೆ ಕುದುರೆಯ ಸದ್ದು ಮಾಡಿ ತೋರಿಸುತ್ತಿದ್ದಾನೆ.

ಸೀಸೆಯನ್ನು ಒರೆಸಿ ಪ್ರಾರ್ಥನೆ ಮನೆಯ ಮೇಜಿನ ಮೇಲೆ ಇಟ್ಟು ಬಂದೆ. ಖಾಲಿ ಮಾಡಿಲ್ಲ. ಗಾಳೆಮ್ಮ ನೆಲ ಸಾರಿಸುತ್ತಿದ್ದಳು. ಸೀಸೆ ಕಂಡು ಕೈ ತೊಳೆದು ಬಂದು ಮುಟ್ಟಿ ನಮಸ್ಕಾರ ಮಾಡಿದಳು. "ನಾಳಿಗೆ ಒಂದ ಚಮಚಾನ, ಏನ್ ಮೊಮ್ಮಗಳಂತ ಎರಡೋ?" ಎಂದು ನಕ್ಕಳು. ಬಾಯಲ್ಲಿ ಎರಡೇ ಹಲ್ಲು. ಆಗಲೇ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅವಳು ಮತ್ತೆ ಬಗ್ಗಿ ಸಾರಿಸತೊಡಗಿದ್ದಳು.

ಮೊದಲ ಮಾತು ಏನೆಂದು ಬರೆದು ನೋಡಿದೆ. ಮೂರು ಸಲ ಹೊಡೆದು ಹಾಕಿದೆ. ಹೊಳೆಯಿಂದ ಒಂದು ಮೈಲು ದೂರ, ಎಂದು ಶುರು ಮಾಡಿದರೆ...

ಕೂಸು ಅಳುತ್ತಿದೆ.

ನಾಳೆ ಒಂಬತ್ತಕ್ಕೆ ಪ್ರಾರ್ಥನೆ. ಗಂಟೆ ಹೊಡೆಯುವ ಪಾಳಿ ನನ್ನದು.